ಆಳಿಲ್ಲದ ದೋಣಿ, ಆಳಿರುವ ಹಡಗು

ಬೆಳ್ತಂಗಡಿ ತಾಲ್ಲೂಕಿನ ನೆರಿಯದಿಂದ ಕಡಲು ಕಾಣಿಸುವುದಿಲ್ಲ. ಚಾರ್ಮಾಡಿ ಘಟ್ಟದ ತಪ್ಪಲಿನ ಈ ಊರಿನವರ ಕಣ್ಣಿಗೆ ಬೀಳುವುದು ಗುಡ್ಡ, ಕಾಡು, ಅಡಿಕೆ ತೋಟ ಮತ್ತು ಹೊಳೆ. ಮಂಗಳೂರಿನ ಬಂದರು ಇಲ್ಲಿಂದ ರಸ್ತೆಯಲ್ಲಿ 70 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಅರಬ್ಬೀ ಸಮುದ್ರದ ಏರುಪೇರಿಗೂ ನೆರಿಯಕ್ಕೂ ನೇರವಾದ ನಂಟೊಂದಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗದ ಪಂಪ್ ಸ್ಟೇಷನ್ ಇರುವುದು ಇಲ್ಲಿಯೇ. ಕರಾವಳಿಯಿಂದ ಬಂದ ಎಣ್ಣೆ ಘಟ್ಟ ಹತ್ತಬೇಕಾದರೆ ಮತ್ತೆ ಒತ್ತಡ ಬೇಕು. ಅದನ್ನು ಕೊಡುವುದೇ ಈ ಕೇಂದ್ರದ ಕೆಲಸ.

ಆ ಪೆಟ್ರೋಲಿನ ಮೂಲವಾದ ಕಚ್ಚಾ ತೈಲ ಮಂಗಳೂರಿಗೆ ಬರುವುದು ಹಡಗಿನಲ್ಲಿ. 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಹೊರಟಿದ್ದ ‘ಕೆಮ್ ಪ್ಲೂಟೊ’ ಎಂಬ ಟ್ಯಾಂಕರ್ ಹಡಗಿನ ಮೇಲೆ ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಡ್ರೋನ್ ಬಂದೆರಗಿತು. ಹಡಗಿನಲ್ಲಿ 20ಕ್ಕೂ ಹೆಚ್ಚು ಸಿಬ್ಬಂದಿ ಇದ್ದರು. ಒಬ್ಬರ ಹೊರತು ಉಳಿದವರೆಲ್ಲ ಭಾರತೀಯರು. ಬೆಂಕಿಯನ್ನು ಅವರೇ ಆರಿಸಿದರು. ಕರಾವಳಿ ರಕ್ಷಣಾ ಪಡೆಯ ‘ವಿಕ್ರಮ್’ ನೌಕೆಯ ಕಾವಲಿನಲ್ಲಿ ಹಡಗು ಮುಂಬೈ ಸೇರಿತು. ಅದೃಷ್ಟವಶಾತ್ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಅಂದು ಅಪಾಯ ಬಂದದ್ದು ಆಕಾಶದಿಂದ. ಆದರೆ ಅದೇ ದಿನಗಳಲ್ಲಿ ನೀರಿನ ಮೇಲೂ ಅಂಥದೇ ಆಯುಧವೊಂದು ಬಲಿತು ನಿಂತಿತ್ತು. ಅದು ಚಾಲಕನೂ ಇಲ್ಲದ, ಸೈನಿಕನೂ ಇಲ್ಲದ ದಾಳಿ ದೋಣಿ. ನೋಡಲು ಹೊಸದಾದರೂ ಇದರ ಹಿಂದಿನ ಆಲೋಚನೆಗೆ ಶತಮಾನಗಳ ವಯಸ್ಸಾಗಿದೆ.

ಬೆಂಕಿ ಹಡಗಿನಿಂದ ಆರಂಭ

1588ರ ಆಗಸ್ಟ್. ಇಂಗ್ಲೆಂಡನ್ನು ಗೆಲ್ಲಲು ಹೊರಟ ಸ್ಪೇನ್ ದೇಶದ ಭಾರೀ ನೌಕಾಪಡೆ ಫ್ರಾನ್ಸಿನ ಕ್ಯಾಲೆ ಬಂದರಿನ ಹೊರಗೆ ಲಂಗರು ಹಾಕಿತ್ತು. ಇಂಗ್ಲಿಷರು ನಡುರಾತ್ರಿಯಲ್ಲಿ 8 ಹಳೆಯ ಹಡಗುಗಳಿಗೆ ಬೆಂಕಿ ಹಚ್ಚಿ, ಗಾಳಿ ಬೀಸುವ ದಿಕ್ಕಿಗೆ ಬಿಟ್ಟರು. ಅವುಗಳನ್ನು ನಡೆಸುತ್ತಿದ್ದವರು ಕೊನೆಯ ಗಳಿಗೆಯಲ್ಲಿ ಸಣ್ಣ ದೋಣಿಗಳಿಗೆ ಇಳಿದು ಪಾರಾದರು. ಬೆಂಕಿ ಹಡಗುಗಳು ಒಂದೇ ಒಂದು ಸ್ಪ್ಯಾನಿಷ್ ಹಡಗನ್ನೂ ಸುಡಲಿಲ್ಲ. ಆದರೆ ಹೆದರಿದ ಸ್ಪ್ಯಾನಿಷರು ಲಂಗರಿನ ಹಗ್ಗ ಕಡಿದು ಚೆಲ್ಲಾಪಿಲ್ಲಿಯಾದರು. ಅಗ್ಗದ ಹಡಗನ್ನು ಕೊಟ್ಟು ದುಬಾರಿ ನೌಕಾಪಡೆಯನ್ನು ಕಂಗೆಡಿಸಬಹುದು ಎಂಬ ಪಾಠ ಅಲ್ಲಿ ಸಿಕ್ಕಿತು.

ಗಾಳಿಯನ್ನು ನಂಬಿ ಬಿಟ್ಟ ಹಡಗು ಗುರಿ ತಪ್ಪುವುದೇ ಹೆಚ್ಚು. ದೂರದಿಂದಲೇ ಅದರ ಚುಕ್ಕಾಣಿ ಹಿಡಿಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ವಿಜ್ಞಾನಿ ನಿಕೊಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ಬಿಟ್ಟು, ರೇಡಿಯೊ ಅಲೆಗಳಿಂದಲೇ ಅದನ್ನು ಬೇಕಾದತ್ತ ತಿರುಗಿಸಿ ತೋರಿಸಿದ. ನೋಡಿದವರಿಗೆ ಅದು ಮಾಯಾಜಾಲದಂತೆ ಕಂಡಿತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟೂ ದೊರೆಯಿತು. ಇಂಥ ಸಾಧನದ ವಿನಾಶ ಶಕ್ತಿಗೆ ಹೆದರಿಯೇ ರಾಷ್ಟ್ರಗಳು ಶಾಂತಿಯತ್ತ ಹೊರಳುತ್ತವೆ ಎಂಬ ಭರವಸೆ ಆತನ ಪೇಟೆಂಟ್ ಪತ್ರದಲ್ಲಿಯೇ ಇದೆ. ಆದದ್ದು ಬೇರೆ.

ಎರಡು ಮಹಾಯುದ್ಧಗಳು

ಮೊದಲ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ಕರಾವಳಿಯಿಂದ ಸ್ಫೋಟಕ ತುಂಬಿದ ವೇಗದ ದೋಣಿಗಳನ್ನು ಬಿಟ್ಟರು. ದೋಣಿ ಮುಂದೆ ಓಡಿದಂತೆ ಅದರ ಹಿಂದೆ ವಿದ್ಯುತ್ ತಂತಿ ಬಿಚ್ಚಿಕೊಳ್ಳುತ್ತಿತ್ತು. ದಡದಲ್ಲಿ ಕುಳಿತವನು ಆ ತಂತಿಯ ಮೂಲಕ ಚುಕ್ಕಾಣಿ ತಿರುಗಿಸುತ್ತಿದ್ದ. ಮೇಲೆ ಹಾರುವ ವಿಮಾನ ಅವನಿಗೆ ದಾರಿ ಹೇಳುತ್ತಿತ್ತು. 1917ರ ಅಕ್ಟೋಬರ್ 28ರಂದು ಇಂಥ ಒಂದು ದೋಣಿ ಬ್ರಿಟನ್ನಿನ ‘ಎರೆಬಸ್’ ಸಮರನೌಕೆಗೆ ಬಡಿಯಿತು. ನೌಕೆಯ ಪಕ್ಕಕ್ಕೆ ಕಟ್ಟಿದ್ದ ರಕ್ಷಣಾ ಉಬ್ಬು ಏಟನ್ನು ತಡೆದುಕೊಂಡದ್ದರಿಂದ ಅದು ಮುಳುಗಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಇಟಲಿ ಬೇರೊಂದು ದಾರಿ ಹಿಡಿಯಿತು. 1941ರ ಮಾರ್ಚ್ 26ರ ಬೆಳಗಿನ ಜಾವ ಕ್ರೀಟ್ ದ್ವೀಪದ ಸುಡಾ ಕೊಲ್ಲಿಗೆ ನುಗ್ಗಿದ 6 ಸ್ಫೋಟಕ ದೋಣಿಗಳಲ್ಲಿ ಒಬ್ಬೊಬ್ಬ ಚಾಲಕನಿದ್ದ. ಗುರಿಯತ್ತ ದೋಣಿಯನ್ನು ಬಿಗಿದು ನಿಲ್ಲಿಸಿ, ಕೊನೆಯ ಕ್ಷಣದಲ್ಲಿ ಅವನು ನೀರಿಗೆ ಹಾರಬೇಕು. ಬ್ರಿಟನ್ನಿನ ‘ಯಾರ್ಕ್’ ಎಂಬ ಭಾರೀ ಯುದ್ಧನೌಕೆ ಅಂದು ಕೆಲಸಕ್ಕೆ ಬಾರದಂತಾಯಿತು. ಆರೂ ಮಂದಿ ಚಾಲಕರು ಸೆರೆಸಿಕ್ಕರೂ ಬದುಕುಳಿದರು. ಯುದ್ಧದ ಕೊನೆಯಲ್ಲಿ ಜಪಾನ್ ‘ಶಿನ್ಯೊ’ ಎಂಬ ಪ್ಲೈವುಡ್ ದೋಣಿಗಳನ್ನು ಇಳಿಸಿದಾಗ ಚಾಲಕನಿಗೆ ಹಾರಿಕೊಳ್ಳುವ ನಿರೀಕ್ಷೆಯೂ ಉಳಿದಿರಲಿಲ್ಲ.

ಅದೇ ಕ್ರೌರ್ಯ ನಮ್ಮ ಪಕ್ಕದಲ್ಲಿಯೇ ಮರುಕಳಿಸಿತು. 1990ರ ದಶಕದಲ್ಲಿ ಶ್ರೀಲಂಕಾದ ನೌಕಾಪಡೆಯ ಮೇಲೆ ಎಲ್‌ಟಿಟಿಇಯ ಕಡಲ ಹುಲಿಗಳು ಸ್ಫೋಟಕ ತುಂಬಿದ ದೋಣಿಗಳನ್ನು ನುಗ್ಗಿಸಿದರು. ದೋಣಿ ನಡೆಸಿದವರು ದೋಣಿಯೊಂದಿಗೇ ಸತ್ತರು. 2000ದ ಅಕ್ಟೋಬರ್ 12ರಂದು ಯೆಮನ್‌ನ ಏಡನ್ ಬಂದರಿನಲ್ಲಿ ಅಮೆರಿಕದ ‘ಕೋಲ್’ ಯುದ್ಧನೌಕೆಗೆ ಸಣ್ಣ ದೋಣಿಯೊಂದು ತಾಗಿ ಸ್ಫೋಟಿಸಿದಾಗ 17 ನಾವಿಕರು ಬಲಿಯಾದರು.

ದೋಣಿಯಿಂದ ಇಳಿದ ಮನುಷ್ಯ

2017ರ ಜನವರಿ 30ರಂದು ಅದೇ ಯೆಮನ್ ಕರಾವಳಿಯಲ್ಲಿ ಸೌದಿ ಅರೇಬಿಯಾದ ‘ಅಲ್ ಮದೀನಾ’ ಯುದ್ಧನೌಕೆಗೆ ದೋಣಿಯೊಂದು ಡಿಕ್ಕಿ ಹೊಡೆಯಿತು. ಇಬ್ಬರು ನಾವಿಕರು ಸತ್ತರು. ಮೊದಲು ಇದನ್ನು ಆತ್ಮಾಹುತಿ ದಾಳಿಯೆಂದೇ ಭಾವಿಸಲಾಯಿತು. ಹೂಥಿ ಬಂಡುಕೋರರು ಬಿಟ್ಟ ಆ ದೋಣಿಯಲ್ಲಿ ಯಾರೂ ಇರಲಿಲ್ಲ, ಅದನ್ನು ದೂರದಿಂದ ನಡೆಸಲಾಗಿತ್ತು ಎಂದು ಅಮೆರಿಕದ ನೌಕಾಪಡೆ ಆ ಬಳಿಕ ಹೇಳಿತು.

ಈ ಆಯುಧವನ್ನು ಜಗತ್ತು ಗಂಭೀರವಾಗಿ ನೋಡುವಂತೆ ಮಾಡಿದ್ದು ಉಕ್ರೇನ್. ರಷ್ಯಾದ ದಾಳಿ ಶುರುವಾದಾಗ ತನ್ನ ಅತಿದೊಡ್ಡ ಯುದ್ಧನೌಕೆ ಶತ್ರುವಿನ ಕೈಗೆ ಸಿಗಬಾರದೆಂದು ಉಕ್ರೇನ್ ತಾನೇ ಅದನ್ನು ಮುಳುಗಿಸಿತ್ತು. ದೊಡ್ಡ ಹಡಗಿಲ್ಲದ ಆ ದೇಶ 2022ರ ಅಕ್ಟೋಬರ್ 29ರಂದು ರಷ್ಯಾದ ಕಪ್ಪು ಸಮುದ್ರ ಪಡೆಯ ನೆಲೆಯಾದ ಸೆವಾಸ್ಟೊಪೋಲ್ ಬಂದರಿಗೆ ಆಳಿಲ್ಲದ ದೋಣಿಗಳ ಗುಂಪನ್ನೇ ಕಳಿಸಿತು. 2024ರ ಫೆಬ್ರುವರಿ 1ರಂದು ‘ಇವಾನೊವೆಟ್ಸ್’ ಕ್ಷಿಪಣಿ ನೌಕೆ, 14ರಂದು ‘ಸೀಸರ್ ಕುನಿಕೊವ್’, ಮಾರ್ಚ್ 5ರಂದು ‘ಸರ್ಗೇಯ್ ಕೊಟೊವ್’ ಈ ದೋಣಿಗಳ ಏಟಿಗೆ ಮುಳುಗಿದವು. ರಷ್ಯಾ ತನ್ನ ಬಹಳಷ್ಟು ನೌಕೆಗಳನ್ನು ದೂರದ ನೊವೊರೊಸಿಸ್ಕ್ ಬಂದರಿಗೆ ಸರಿಸಬೇಕಾಯಿತು.

ಈ ಕೆಲಸ ಮಾಡಿದ ‘ಮಗುರಾ ವಿ5’ ದೋಣಿಯ ಉದ್ದ ಕೇವಲ ಐದೂವರೆ ಮೀಟರ್. ಮಲ್ಪೆ, ಬೋಳಾರದ ದಕ್ಕೆಯಲ್ಲಿ ಕಾಣುವ ಎಷ್ಟೋ ನಾಡದೋಣಿಗಳು ಇದಕ್ಕಿಂತ ದೊಡ್ಡವು. ಒಳಗೆ ಸುಮಾರು 300 ಕಿಲೋ ಸ್ಫೋಟಕ. ನೀರಿಗೆ ಅಂಟಿಕೊಂಡಂತಿರುವ ತಗ್ಗಿನ ಮೈಯಾದ್ದರಿಂದ ಅಲೆಗಳ ನಡುವೆ ರೇಡಾರ್ ಇದನ್ನು ಸುಲಭವಾಗಿ ಗುರುತಿಸಲಾರದು. ಮುಂದಿನ ಕ್ಯಾಮೆರಾ ಕಂಡದ್ದು ಉಪಗ್ರಹದ ಮೂಲಕ ನೂರಾರು ಕಿಲೋಮೀಟರ್ ದೂರದ ಕೋಣೆಗೆ ತಲುಪುತ್ತದೆ. ಅಲ್ಲಿ ಕುಳಿತವನು ಪರದೆ ನೋಡುತ್ತ ದೋಣಿ ನಡೆಸುತ್ತಾನೆ. ಗುರಿ ತಪ್ಪಿದರೆ ಹೋಗುವುದು ದೋಣಿ ಮಾತ್ರ.

ಇದು ಸೋಲಿಲ್ಲದ ಆಯುಧವೇನಲ್ಲ. ಬಂದರಿನ ಬಾಯಿಗೆ ತೇಲುವ ತಡೆಬೇಲಿ ಕಟ್ಟಬಹುದು, ರೇಡಿಯೊ ಸಂಪರ್ಕ ಕೆಡಿಸಬಹುದು, ಹೆಲಿಕಾಪ್ಟರಿನಿಂದ ಗುಂಡು ಹಾರಿಸಬಹುದು. ಕಡಲು ಪ್ರಕ್ಷುಬ್ಧವಾಗಿದ್ದರೆ ಸಣ್ಣ ದೋಣಿ ತಾನಾಗಿಯೇ ಸೋಲುತ್ತದೆ. ಆದರೆ ಈ ಎಲ್ಲ ರಕ್ಷಣೆ ಸಮರನೌಕೆಗೆ ಸಾಧ್ಯ. ಸರಕು ಹಡಗಿಗೆ ಇವು ಯಾವುವೂ ಇಲ್ಲ.

ಎಂಜಿನ್ ಕೋಣೆಯಲ್ಲಿ ಇದ್ದವನು

2024ರ ಜೂನ್ 12ರಂದು ಕೆಂಪು ಸಮುದ್ರದಲ್ಲಿ ಕಲ್ಲಿದ್ದಲು ಹೊತ್ತು ಸಾಗುತ್ತಿದ್ದ ‘ಟ್ಯೂಟರ್’ ಎಂಬ ಹಡಗಿನ ಹಿಂಭಾಗಕ್ಕೆ ಐದಾರು ಮೀಟರ್ ಉದ್ದದ ಬಿಳಿಯ ದೋಣಿಯೊಂದು ಬಂದು ಬಡಿಯಿತು. ಹೂಥಿಗಳು ಬಿಟ್ಟ ದೋಣಿ ಅದು. ಎಂಜಿನ್ ಕೋಣೆಗೆ ನೀರು ನುಗ್ಗಿತು. 22 ಮಂದಿ ಸಿಬ್ಬಂದಿಯಲ್ಲಿ 21 ಮಂದಿಯನ್ನು ಪಾರು ಮಾಡಲಾಯಿತು. ಎಂಜಿನ್ ಕೋಣೆಯಲ್ಲಿದ್ದ ಫಿಲಿಪ್ಪೀನ್ಸ್‌ನ ಒಬ್ಬ ನಾವಿಕ ಮರಳಲಿಲ್ಲ. ಕೆಲವೇ ದಿನಗಳಲ್ಲಿ ಹಡಗೂ ಮುಳುಗಿತು. 2025ರ ಜುಲೈನಲ್ಲಿ ‘ಮ್ಯಾಜಿಕ್ ಸೀಸ್’ ಮತ್ತು ‘ಎಟರ್ನಿಟಿ ಸಿ’ ಎಂಬ ಎರಡು ಸರಕು ಹಡಗುಗಳಿಗೂ ಇದೇ ಗತಿಯಾಯಿತು.

ದೋಣಿಯಿಂದ ಮನುಷ್ಯನನ್ನು ಇಳಿಸಿದ್ದು ಒಂದು ದೃಷ್ಟಿಯಿಂದ ಒಳ್ಳೆಯದೇ. ಸಾಯಲೆಂದೇ ಹುಡುಗರನ್ನು ದೋಣಿಗೆ ಹತ್ತಿಸುವ ಕಾಲಕ್ಕಿಂತ ಇದು ಮೇಲು. ಆದರೆ ಜೀವದ ಬೆಲೆ ತೆರಬೇಕಾದ ಭಯ ಇಲ್ಲವಾದಾಗ ದಾಳಿ ಮಾಡುವ ನಿರ್ಧಾರವೂ ಹಗುರಾಗುತ್ತದೆ. ಆಗ ಅಪಾಯವೆಲ್ಲ ಒಂದೇ ಕಡೆ ಉಳಿಯುತ್ತದೆ. ಆ ಕಡೆಯಲ್ಲಿ ಇರುವವರು ಸೈನಿಕರೇ ಆಗಬೇಕೆಂದಿಲ್ಲ. ಕರಾರಿನ ಮೇಲೆ ಸಂಬಳಕ್ಕೆ ದುಡಿಯುವ ನಾವಿಕರೂ ಆಗಬಹುದು. ಜಗತ್ತಿಗೆ ಅಂಥ ನಾವಿಕರನ್ನು ಒದಗಿಸುವ ದೊಡ್ಡ ದೇಶಗಳಲ್ಲಿ ಭಾರತವೂ ಒಂದು.

ಭಾರತವೂ ಈ ತಂತ್ರಜ್ಞಾನದಲ್ಲಿ ಹಿಂದೆ ಉಳಿದಿಲ್ಲ. 2024ರ ಅಕ್ಟೋಬರಿನಲ್ಲಿ ‘ಮಾತಂಗಿ’ ಎಂಬ ಸ್ವಯಂಚಾಲಿತ ದೋಣಿಗೆ ಮುಂಬೈಯಿಂದ ತೂತ್ತುಕುಡಿಯವರೆಗಿನ ಸುಮಾರು 1500 ಕಿ.ಮೀ. ಯಾನಕ್ಕೆ ಚಾಲನೆ ನೀಡಲಾಯಿತು. ಆ ದಾರಿ ಕಾರವಾರ, ಮಂಗಳೂರುಗಳ ಎದುರಿನ ಕಡಲಿನದೇ. ಕಾರವಾರದಲ್ಲಿ 2005ರಿಂದ ನೌಕಾಪಡೆಯ ‘ಕದಂಬ’ ನೆಲೆಯಿದೆ. ಇತ್ತ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಲ್ಲ ನೆಲದಡಿಯ ಕಣಜಗಳನ್ನು ಕೊರೆಯಲಾಗಿದೆ. ಕಡಲ ದಾರಿ ಕೆಟ್ಟರೆ ಕೆಲವು ದಿನ ನಿಭಾಯಿಸಲಿಕ್ಕೆಂದೇ ಮಾಡಿಟ್ಟ ಆಪದ್ಧನ ಅದು.

ಎಣ್ಣೆಗಾದರೆ ಕಣಜ ಕಟ್ಟಬಹುದು. ಹಡಗಿನ ತಳದಲ್ಲಿ ಎಂಜಿನ್ನಿನ ಸದ್ದಿನ ನಡುವೆ ಪಾಳಿ ಮುಗಿಸುವವನಿಗೆ ಅಂಥ ಆಸರೆಯಿಲ್ಲ. ನೆರಿಯದ ಪಂಪು ಎಂದಿನಂತೆ ಘಟ್ಟದ ಮೇಲಕ್ಕೆ ಎಣ್ಣೆ ದೂಡುತ್ತಿದೆ ಎಂದರೆ, ಅಂಥ ಯಾರೋ ಕೆಲವರು ತಮ್ಮ ಪಾಳಿಯನ್ನು ಕ್ಷೇಮವಾಗಿ ಮುಗಿಸಿ ನವಮಂಗಳೂರಿನ ದಕ್ಕೆ ಮುಟ್ಟಿದ್ದಾರೆ ಎಂದೇ ಅರ್ಥ.