ತೀರದ ದಣಿವು: ಮಾತ್ರೆ, ಟಾನಿಕ್‌ಗಳಿಂದ ದೊರೆಯುವುದೆಷ್ಟು?

ಮಾನ್ವಿಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಮಹಿಳೆ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಕಾರ, ರಾಯಚೂರು ನಗರದ ಕಚೇರಿಯಲ್ಲಿ ದುಡಿಯುವ ಗುಮಾಸ್ತ - ವೈದ್ಯರೆದುರು ಕುಳಿತಾಗ ಇವರೆಲ್ಲ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: 'ಸುಸ್ತು, ಮೈಯಲ್ಲಿ ಶಕ್ತಿಯೇ ಇಲ್ಲ'. ಆದರೆ ಈ ಒಂದೇ ಮಾತಿನ ಹಿಂದೆ ಹತ್ತಾರು ಕಾರಣಗಳಿರಬಹುದು. ಕೆಲವು ಮೂರು ತಿಂಗಳ ಚಿಕಿತ್ಸೆಯಿಂದ ಗುಣವಾಗುವಂಥವು. ಇನ್ನು ಕೆಲವು ವರ್ಷಗಟ್ಟಲೆ ಕಾಡುವಂಥವು. ಕಾರಣ ತಿಳಿಯುವ ಮೊದಲೇ ಔಷಧಿ ಅಂಗಡಿಯ ಟಾನಿಕ್, ವಿಟಮಿನ್ ಮಾತ್ರೆ, 'ಶಕ್ತಿ'ಯ ಸೂಜಿಮದ್ದುಗಳ ಮೊರೆ ಹೋಗುವುದು ಸಾಮಾನ್ಯವಾಗಿದೆ. ಇದರಿಂದ ಹಣವಷ್ಟೇ ಅಲ್ಲ, ರೋಗಪತ್ತೆಗೆ ದೊರೆಯಬೇಕಾದ ಅಮೂಲ್ಯ ಕಾಲವೂ ನಷ್ಟವಾಗುತ್ತದೆ.

ದೀರ್ಘಕಾಲಿಕ ದಣಿವಿನ ರೋಗ ಎಂದರೇನು?

ದುಡಿಮೆಯಿಂದ ಬರುವ ಆಯಾಸ ವಿಶ್ರಾಂತಿಯಿಂದ ಕಳೆಯುತ್ತದೆ. ಕ್ರಾನಿಕ್ ಫೆಟಿಗ್ ಸಿಂಡ್ರೋಮ್ ಎಂದು ವೈದ್ಯಲೋಕ ಕರೆಯುವ ರೋಗದಲ್ಲಿ ಹಾಗಾಗುವುದಿಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಿಬ್ಬಂದಿ ಗುಂಪಾಗಿ ಇಂಥದೇ ಕಾಯಿಲೆಗೆ ತುತ್ತಾದ ನಂತರ ಈ ರೋಗದ ಚರ್ಚೆ ವ್ಯಾಪಕವಾಯಿತು. 'ಕ್ರಾನಿಕ್ ಫೆಟಿಗ್ ಸಿಂಡ್ರೋಮ್' ಎಂಬ ಹೆಸರು 1988ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇದು ಮೈಗಳ್ಳತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ದೇಹದ ಹಲವು ವ್ಯವಸ್ಥೆಗಳನ್ನು ಬಾಧಿಸುವ ಗಂಭೀರ ಕಾಯಿಲೆ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ವರದಿಯಲ್ಲಿ ಸ್ಪಷ್ಟಪಡಿಸಿತು.

ಆ ವರದಿಯ ಪ್ರಕಾರ ಮೂರು ಲಕ್ಷಣಗಳು ಕಡ್ಡಾಯ. ಮೊದಲನೆಯದು, 6 ತಿಂಗಳಿಗೂ ಮೀರಿ ಇರುವ, ಹಿಂದಿನಂತೆ ದೈನಂದಿನ ಕೆಲಸ ಮಾಡಲು ಬಿಡದ ದಣಿವು. ಎರಡನೆಯದು, ಅಲ್ಪ ಶ್ರಮದ ನಂತರವೂ, ಕೆಲವೊಮ್ಮೆ ಒಂದೆರಡು ದಿನ ತಡವಾಗಿ, ಎಲ್ಲ ಲಕ್ಷಣಗಳೂ ಉಲ್ಬಣಿಸುವುದು. ಮೂರನೆಯದು, ಎಷ್ಟು ಮಲಗಿದರೂ ಚೈತನ್ಯ ಮರಳದ ನಿದ್ರೆ. ಇವುಗಳ ಜೊತೆಗೆ ನೆನಪು-ಏಕಾಗ್ರತೆ ಕುಂದುವುದು ಅಥವಾ ಎದ್ದು ನಿಂತೊಡನೆ ತಲೆ ಸುತ್ತಿ ಲಕ್ಷಣಗಳು ಹೆಚ್ಚುವುದು - ಈ ಎರಡರಲ್ಲಿ ಒಂದಾದರೂ ಇರಬೇಕು. ಅನೇಕರಲ್ಲಿ ಇದು ವೈರಾಣು ಸೋಂಕಿನ ನಂತರ ಆರಂಭವಾಗುತ್ತದೆ. ಕೋವಿಡ್ ಬಂದು ಹೋದ ನಂತರ ಕೆಲವರಲ್ಲಿ ಉಳಿದುಕೊಂಡ ದಣಿವೂ ಇದೇ ಸ್ವರೂಪದ್ದೆಂದು ಕಂಡುಬಂದಿದೆ.

ಮೊದಲು ತಪಾಸಣೆ

ಈ ರೋಗವನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಎಂಬುದಿಲ್ಲ. ದಣಿವು ತರುವ ಇತರ ಕಾಯಿಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಲಕ್ಷಣಗಳ ಆಧಾರದ ಮೇಲೆಯೇ ನಿರ್ಧರಿಸಬೇಕು. ರಾಯಚೂರಿನಂಥ ಜಿಲ್ಲೆಯಲ್ಲಿ ಈ ಹಂತಕ್ಕೆ ವಿಶೇಷ ಮಹತ್ವವಿದೆ. ಏಕೆಂದರೆ ಇಲ್ಲಿ ದಣಿವಿನ ಬಹುತೇಕ ಪ್ರಕರಣಗಳಿಗೆ ಚಿಕಿತ್ಸೆಯಿಂದ ಗುಣವಾಗುವ ಕಾರಣಗಳೇ ಇರುವ ಸಂಭವ ಹೆಚ್ಚು.

ಅವುಗಳಲ್ಲಿ ಮೊದಲನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. 5 ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65.5. ಇದಲ್ಲದೆ ಥೈರಾಯ್ಡ್ ಗ್ರಂಥಿಯ ಮಂದಗತಿ, ಮಧುಮೇಹ, ಕ್ಷಯ, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ, ಜಂತುಹುಳುವಿನ ಬಾಧೆ, ಬಿ12 ಮತ್ತು ಡಿ ವಿಟಮಿನ್ ಕೊರತೆ, ಖಿನ್ನತೆ ಇವೂ ದಣಿವಿನ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಕಫ ಪರೀಕ್ಷೆಯನ್ನು ಮುಂದೂಡುವಂತಿಲ್ಲ.

ಆಹಾರ ರಕ್ತಕ್ಕೆ ಸೇರುವ ಬಗೆ

ತಿಂದದ್ದೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬುದು ಹಿರಿಯರ ಮಾತು. ವೈದ್ಯವಿಜ್ಞಾನವೂ ಅದನ್ನೇ ಹೇಳುತ್ತದೆ. ಕಬ್ಬಿಣಾಂಶವು ಸಣ್ಣಕರುಳಿನ ಮೊದಲ ಭಾಗದಲ್ಲಿ ಹೀರಲ್ಪಡುತ್ತದೆ. ಬಿ12 ವಿಟಮಿನ್ ಜಠರದಲ್ಲಿ ಸ್ರವಿಸುವ ಒಂದು ವಿಶಿಷ್ಟ ಪ್ರೋಟೀನಿನ ಜೊತೆಗೂಡಿ ಸಣ್ಣಕರುಳಿನ ಕೊನೆಯ ಭಾಗವನ್ನು ತಲುಪಿದ ಮೇಲೆಯೇ ರಕ್ತ ಸೇರುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳಿಗೆ ಪಿತ್ತರಸದ ನೆರವು ಮತ್ತು ಊಟದಲ್ಲಿ ಸ್ವಲ್ಪ ಎಣ್ಣೆ-ತುಪ್ಪದ ಅಂಶ ಬೇಕು. ಈ ಹಾದಿಯಲ್ಲಿ ಎಲ್ಲಿ ಅಡಚಣೆಯಾದರೂ ಕೊರತೆ ತಪ್ಪದು.

ಅಡಚಣೆಗಳಲ್ಲಿ ಕೆಲವು ನಿತ್ಯದ ಔಷಧಗಳಿಂದಲೇ ಬರುತ್ತವೆ. ಮಧುಮೇಹಕ್ಕೆ ಸೇವಿಸುವ ಮೆಟ್‌ಫಾರ್ಮಿನ್ ದೀರ್ಘಕಾಲದಲ್ಲಿ ಬಿ12 ಹೀರಿಕೆಯನ್ನು ಕುಗ್ಗಿಸಬಲ್ಲದು. 'ಗ್ಯಾಸ್ ಮಾತ್ರೆ' ಎಂದೇ ಹೆಸರಾದ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ವರ್ಷಗಟ್ಟಲೆ ನುಂಗಿದರೆ ಜಠರಾಮ್ಲ ಕಡಿಮೆಯಾಗಿ ಬಿ12, ಕಬ್ಬಿಣ, ಮೆಗ್ನೀಷಿಯಂಗಳ ಹೀರಿಕೆ ತಗ್ಗುತ್ತದೆ. ಥೈರಾಯ್ಡ್ ಮಾತ್ರೆಯನ್ನು ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯೊಡನೆ ತೆಗೆದುಕೊಂಡರೆ ಥೈರಾಯ್ಡ್ ಔಷಧವೇ ಸರಿಯಾಗಿ ದೇಹ ಸೇರುವುದಿಲ್ಲ. ನಡುವೆ 4 ಗಂಟೆಗಳ ಅಂತರವಿರಬೇಕು.

ದೀರ್ಘಕಾಲಿಕ ದಣಿವಿನ ರೋಗಿಗಳಲ್ಲಿ ಹೊಟ್ಟೆ ಉಬ್ಬರ, ಮಲಬದ್ಧತೆ, ಅತಿಸಾರ ಹೆಚ್ಚಾಗಿ ಕಾಣುತ್ತವೆ. ಅವರ ಕರುಳಿನ ಸೂಕ್ಷ್ಮಜೀವಿಗಳ ಸಮೂಹದಲ್ಲಿ ವ್ಯತ್ಯಾಸವಿರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಆದರೆ ಪೋಷಕಾಂಶ ಹೀರಿಕೆಯ ದೋಷವೇ ಈ ರೋಗದ ಮೂಲವೆಂಬುದು ಸಿದ್ಧಪಟ್ಟಿಲ್ಲ. ವಾಕರಿಕೆ, ಅಡುಗೆ ಮಾಡಲಾಗದ ನಿತ್ರಾಣ, ಸರಿಯಾಗಿ ಉಣ್ಣಲಾಗದ ಸ್ಥಿತಿಗಳಿಂದ ಕೊರತೆ ಉಂಟಾಗುವುದೂ ಉಂಟು.

ಜೋಳದ ರೊಟ್ಟಿ ಮತ್ತು ಊಟದ ನಂತರದ ಚಹಾ

ರಾಯಚೂರು ಸೀಮೆಯ ಊಟದಲ್ಲಿ ಜೋಳ, ಸಜ್ಜೆ, ತೊಗರಿ, ಶೇಂಗಾ, ಅಗಸಿ, ಗುರೆಳ್ಳು, ಪುಂಡಿಪಲ್ಯಗಳಿಗೆ ಹಿಂದಿನಿಂದಲೂ ಸ್ಥಾನವಿದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಭಾಗದಲ್ಲಿ ಭತ್ತ ಹರಡಿತು. ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೂ ನೀರಾವರಿ ಬಂದಿತು. ಪಡಿತರದ ಅಕ್ಕಿಯೂ ಸೇರಿ ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚಿತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಜೋಳ-ಸಜ್ಜೆಗಳಷ್ಟು ಕಬ್ಬಿಣಾಂಶವಾಗಲಿ ನಾರಿನಂಶವಾಗಲಿ ಇಲ್ಲ.

ಆದರೂ ಜೋಳದ ರೊಟ್ಟಿ ತಿಂದ ಮಾತ್ರಕ್ಕೆ ಕಬ್ಬಿಣಾಂಶ ದಕ್ಕಿತೆಂದು ತಿಳಿಯಬೇಕಿಲ್ಲ. ಧಾನ್ಯ-ಬೇಳೆಗಳಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಸ್ಯಮೂಲದ ಕಬ್ಬಿಣದಲ್ಲಿ ದೇಹ ಹೀರುವುದು ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ನಿಗದಿಪಡಿಸಿದ್ದು ಇಂಥ ಅಲ್ಪ ಹೀರಿಕೆಯನ್ನು ಗಣನೆಗೆ ತೆಗೆದುಕೊಂಡೇ.

ಹೀರಿಕೆ ಹೆಚ್ಚಿಸುವ ಉಪಾಯಗಳು ಮಾತ್ರ ಸುಲಭ. ಊಟದ ಜೊತೆ ನಿಂಬೆ, ಪೇರಲ, ನೆಲ್ಲಿಕಾಯಿಯಂಥ ಸಿ ವಿಟಮಿನ್ ಇರುವ ಪದಾರ್ಥ ಇರಲಿ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುದುಗಿಸಿದರೆ ಫೈಟೇಟ್ ತಗ್ಗುತ್ತದೆ. ಊಟವಾದೊಡನೆ ಚಹಾ ಕುಡಿಯುವ ರೂಢಿ ಕಬ್ಬಿಣ ಹೀರಿಕೆಗೆ ದೊಡ್ಡ ಶತ್ರು. ಕನಿಷ್ಠ ಒಂದು ಗಂಟೆಯಾದರೂ ತಡೆಯುವುದು ಒಳಿತು. ಬಿ12 ವಿಟಮಿನ್ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ದೊರೆಯಬೇಕು, ಸೊಪ್ಪು-ಕಾಳುಗಳಲ್ಲಿ ಅದಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಬಿಸಿಯೂಟದಲ್ಲಿ ಮೊಟ್ಟೆ ನೀಡಲು ಆರಂಭಿಸಿದ್ದರ ಹಿಂದೆ ಇಲ್ಲಿನ ಮಕ್ಕಳ ಅಪೌಷ್ಟಿಕತೆಯ ಕಳವಳವಿತ್ತು.

ನೀರಿನ ಪಾತ್ರ

ಕರುಳು ಆರೋಗ್ಯವಾಗಿಲ್ಲದಿದ್ದರೆ ಉತ್ತಮ ಆಹಾರವೂ ವ್ಯರ್ಥ. ಕಲುಷಿತ ನೀರಿನಿಂದ ಪದೇ ಪದೇ ವಾಂತಿಭೇದಿಯಾದರೆ ಸಣ್ಣಕರುಳಿನ ಒಳಪೊರೆ ಸವೆದು ಹೀರಿಕೆಯ ಶಕ್ತಿ ಕುಂದುತ್ತದೆ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾಗಿ ಸಾವುಗಳೂ ಸಂಭವಿಸಿದವು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅಂಥದೇ ದುರಂತ ಮರುಕಳಿಸಿತು. ಸಾವುಗಳು ಸುದ್ದಿಯಾಗುತ್ತವೆ, ಬದುಕುಳಿದವರ ಕರುಳಿಗೆ ಇಂಥ ಸೋಂಕುಗಳು ಮರಳಿ ಮರಳಿ ಮಾಡುವ ಹಾನಿ ಕಣ್ಣಿಗೆ ಬೀಳುವುದಿಲ್ಲ.

ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಇನ್ನೊಂದು ಸಮಸ್ಯೆ. ಭಾರತೀಯ ಮಾನಕಗಳ ಪ್ರಕಾರ ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಮಿತಿ. ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ಅಧಿಕ ಫ್ಲೋರೈಡ್ ಹಲ್ಲು-ಮೂಳೆಗಳನ್ನಷ್ಟೇ ಅಲ್ಲ, ಜೀರ್ಣಾಂಗವನ್ನೂ ಬಾಧಿಸಿ ಹೊಟ್ಟೆನೋವು, ಕೀಲುನೋವು, ನಿಶ್ಶಕ್ತಿ ತರಬಲ್ಲದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಹೀರಿಕೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ.

ಪೂರಕ ಮಾತ್ರೆಗಳ ಉಪಯೋಗವೆಷ್ಟು?

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಪರೀಕ್ಷೆಯಲ್ಲಿ ಕೊರತೆ ಕಂಡುಬಂದರೆ ಪೂರಕವೇ ಚಿಕಿತ್ಸೆ. ಅದರಿಂದ ಲಾಭ ಖಚಿತ. ಕೊರತೆಯೇ ಇಲ್ಲದವರಲ್ಲಿ ಪೂರಕಗಳು ದೀರ್ಘಕಾಲಿಕ ದಣಿವಿನ ರೋಗವನ್ನು ಗುಣಪಡಿಸುತ್ತವೆ ಎನ್ನಲು ಸಾಕಷ್ಟು ಆಧಾರಗಳಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಹೇಳಿದೆ. ಮನೆಬಿಟ್ಟು ಹೊರಬರಲಾಗದ ತೀವ್ರ ರೋಗಿಗಳಲ್ಲಿ ಡಿ ವಿಟಮಿನ್ ಕೊರತೆಯ ಅಪಾಯವನ್ನು ಗಮನಿಸಬೇಕೆಂದೂ ಅದು ಸೂಚಿಸಿದೆ. ಬಿಸಿಲಿನ ನಾಡಾದ ರಾಯಚೂರಿನಲ್ಲೂ ಕೋಣೆಯೊಳಗೇ ಮಲಗಿರುವ ರೋಗಿಗೆ ಈ ಮಾತು ಅನ್ವಯಿಸುತ್ತದೆ.

ಕೋಎಂಜೈಮ್ ಕ್ಯೂ10, ಕಾರ್ನಿಟಿನ್, ಮೆಗ್ನೀಷಿಯಂ ಮುಂತಾದವುಗಳ ಮೇಲೆ ಸಣ್ಣ ಪ್ರಮಾಣದ ಪ್ರಯೋಗಗಳು ನಡೆದಿವೆ. ಒಂದರಲ್ಲಿ ಕಂಡ ಲಾಭ ಇನ್ನೊಂದರಲ್ಲಿ ಕಂಡಿಲ್ಲ. ಇವು ದುಬಾರಿಯೂ ಹೌದು. ಇಂಥ ಡಬ್ಬಿಗಳ ಮೇಲೆ 'ಔಷಧೀಯ ಬಳಕೆಗೆ ಅಲ್ಲ' ಎಂದು ಮುದ್ರಿಸುವುದನ್ನು ಭಾರತದ ಆಹಾರ ಸುರಕ್ಷತಾ ನಿಯಮಗಳು ಕಡ್ಡಾಯಗೊಳಿಸಿವೆ. ಕೊಳ್ಳುವ ಮುನ್ನ ಅದನ್ನು ಓದಬೇಕು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಕಬ್ಬಿಣದ ಮಾತ್ರೆ ಉಚಿತ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಡಿ ನೀಡುವ ವಯಸ್ಕರ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುವುದು, ವಾಕರಿಕೆ, ಮಲಬದ್ಧತೆಗಳಿಗೆ ಹೆದರಿ ಹಲವರು ನಡುವೆಯೇ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ. ಒಮ್ಮೆ ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಮುಂದಿನ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ತೊಂದರೆಯಾಗುವವರಿಗೆ ದಿನ ಬಿಟ್ಟು ದಿನ ನೀಡುವ ಕ್ರಮವನ್ನು ಕೆಲವು ವೈದ್ಯರು ಅನುಸರಿಸುತ್ತಾರೆ. ಗರ್ಭಿಣಿಯರು ಮಾತ್ರ ವೈದ್ಯರು ಹೇಳಿದ ನಿತ್ಯದ ಕ್ರಮವನ್ನು ತಾವಾಗಿ ಬದಲಿಸಬಾರದು.

ಗ್ಲೂಕೋಸ್ ಬಾಟಲಿಯ ನಂಬಿಕೆ

ಸುಸ್ತಾದೊಡನೆ ಗ್ಲೂಕೋಸ್ ಏರಿಸಿಕೊಂಡರೆ ಶಕ್ತಿ ಬರುತ್ತದೆಂಬ ನಂಬಿಕೆ ಹಳ್ಳಿ-ಪಟ್ಟಣಗಳಲ್ಲಿ ಬಲವಾಗಿದೆ. ಶೇ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದರಿಂದ ದೊರೆಯುವ ಶಕ್ತಿ 100 ಕಿಲೋಕ್ಯಾಲೊರಿಯನ್ನು ದಾಟದು. ಒಂದು ದೊಡ್ಡ ಜೋಳದ ರೊಟ್ಟಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ವಾಂತಿಭೇದಿಯಿಂದ ನಿರ್ಜಲೀಕರಣವಾದವರಿಗೆ ಅಗತ್ಯವಾದ ಚಿಕಿತ್ಸೆ ಬೇರೆ. ಬರೀ ದಣಿವಿಗೆ ಬಾಟಲಿ ಏರಿಸುವುದು ಬೇರೆ. ಶುದ್ಧವಲ್ಲದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಸೋಂಕುಗಳ ಅಪಾಯವೂ ಉಂಟು.

ಬಿ12 ಚುಚ್ಚುಮದ್ದಿಗೂ ಇದೇ ಮಾತು. ತೀವ್ರ ಕೊರತೆ, ನರಗಳ ತೊಂದರೆ ಇದ್ದಲ್ಲಿ ಅದು ಬೇಕೇಬೇಕು. ಉಳಿದವರಲ್ಲಿ ಅನೇಕರಿಗೆ ಮಾತ್ರೆಯೇ ಸಾಕು. 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಶೇ 1ರಷ್ಟು ತಾನಾಗಿಯೇ ರಕ್ತ ಸೇರಿದರೂ 10 ಮೈಕ್ರೋಗ್ರಾಂ ಆಗುತ್ತದೆ. ದಿನದ ಅಗತ್ಯ ಕೇವಲ 2 ಮೈಕ್ರೋಗ್ರಾಂನಷ್ಟು.

ಅತಿಯಾದರೆ ವಿಷ

ಡಿ ವಿಟಮಿನ್‌ನ ವಾರಕ್ಕೊಮ್ಮೆಯ 60,000 ಯೂನಿಟ್ ಮಾತ್ರೆಯನ್ನು ಪ್ರತಿದಿನ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಬಿ6 ವಿಟಮಿನ್ ಅಧಿಕವಾದರೆ ಕೈಕಾಲು ಜೋಮು ಹಿಡಿಯುತ್ತದೆ. ಬಿ12 ಕೊರತೆಯಿರುವವರು ಬರೀ ಫೋಲಿಕ್ ಆಮ್ಲ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಥಲಸ್ಸೇಮಿಯಾ ಇರುವವರಿಗೆ ವೈದ್ಯರ ಸಲಹೆಯಿಲ್ಲದೆ ಕಬ್ಬಿಣ ಕೊಡುವಂತಿಲ್ಲ. ಕಬ್ಬಿಣದ ಮಾತ್ರೆಗಳನ್ನು ಮಿಠಾಯಿಯೆಂದು ತಿಳಿದು ಮಕ್ಕಳು ನುಂಗಿದರೆ ಪ್ರಾಣಾಪಾಯ. ಅವು ಮಕ್ಕಳ ಕೈಗೆ ಸಿಗದಂತಿರಬೇಕು.

ಮಾಡಬೇಕಾದದ್ದು

ಒಂದು ತಿಂಗಳು ಕಳೆದರೂ ದಣಿವು ತಗ್ಗದಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಮಾನ್ವಿ, ದೇವದುರ್ಗಗಳ ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್, ಫೆರಿಟಿನ್, ಬಿ12 ಮುಂತಾದ ಪರೀಕ್ಷೆಗಳು ಅಗತ್ಯವೆನಿಸಿದರೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಬಹುದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಪುಡಿ-ಲೇಹ್ಯಗಳನ್ನೂ ಜೊತೆಗೆ ಒಯ್ದು ತೋರಿಸುವುದು ಸೂಕ್ತ.

ದೀರ್ಘಕಾಲಿಕ ದಣಿವಿನ ರೋಗವೆಂದೇ ನಿರ್ಧಾರವಾದರೆ, ಅದನ್ನು ಪೂರ್ಣ ಗುಣಪಡಿಸುವ ಔಷಧ ಸದ್ಯಕ್ಕಿಲ್ಲ. ಶಕ್ತಿಯಿದ್ದಷ್ಟೇ ಕೆಲಸ, ದಣಿಯುವ ಮೊದಲೇ ವಿಶ್ರಾಂತಿ ಎಂಬ ಕ್ರಮವೇ ಮುಖ್ಯ ಆಧಾರ. ಬಲವಂತದ ವ್ಯಾಯಾಮವನ್ನು ದಿನೇ ದಿನೇ ಹೆಚ್ಚಿಸುವ ಪದ್ಧತಿಯನ್ನು ನೈಸ್ 2021ರಲ್ಲಿ ಕೈಬಿಟ್ಟಿದೆ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದು, 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಜ್ಜಿಗೆ, ನಿಂಬೆ ಪಾನಕಗಳಿಂದ ನೀರಿನಂಶ ಕಾಯ್ದುಕೊಳ್ಳುವುದು ಹಿತಕರ. ರಕ್ತದೊತ್ತಡ ಇರುವವರು ಉಪ್ಪಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಮನೆಯವರ ತಿಳಿವಳಿಕೆ ಬೇಕು. ಎದ್ದು ನೀರು ತರಲಾಗದ ಸೊಸೆಯನ್ನು, ಶಾಲೆಗೆ ಹೋಗಲೊಲ್ಲದ ಮಗನನ್ನು ಸೋಮಾರಿಯೆಂದು ಜರೆಯುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ವಿವೇಕ. ಕಾರಣ ಸಿಕ್ಕರೆ ಚಿಕಿತ್ಸೆಯುಂಟು; ಸಿಗದಿದ್ದರೂ ಆ ದಣಿವು ಸುಳ್ಳಾಗುವುದಿಲ್ಲ.