ಗುಪ್ತವಾರ್ತೆಯ ರಹಸ್ಯ ವೆಚ್ಚ: ಶಾಸಕಾಂಗದ ಪರಿಶೀಲನೆ ಮತ್ತು ನಾಗರಿಕರ ಮಾಹಿತಿ ಹಕ್ಕು

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಹಣದ ಮಂಜೂರಾತಿ
ಸಂವಿಧಾನದ 266(3)ನೇ ಅನುಚ್ಛೇದದ ಮೇರೆಗೆ, ಕಾನೂನಿನ ಅನುಸಾರವಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಗುಪ್ತವಾರ್ತೆಯ ವೆಚ್ಚವೂ ಇದಕ್ಕೆ ಹೊರತಲ್ಲ. ಪೊಲೀಸ್ ವೆಚ್ಚವನ್ನು ಆಯವ್ಯಯದಲ್ಲಿ 2055ನೇ ಲೆಕ್ಕ ಶೀರ್ಷಿಕೆಯಡಿ ತೋರಿಸಿ, 203ನೇ ಅನುಚ್ಛೇದದಂತೆ ವಿಧಾನಸಭೆಯ ಮತಕ್ಕೆ ಹಾಕಲಾಗುತ್ತದೆ. ಸದರಿ ಬೇಡಿಕೆಯ ಮೇಲೆ ಈ ಮೂರೂ ಕ್ಷೇತ್ರಗಳ ಶಾಸಕರಿಗೆ ಚರ್ಚಿಸುವ ಹಾಗೂ ಮತ ನೀಡುವ ಅಧಿಕಾರವಿರುತ್ತದೆ.

2. ಪರಿಶೀಲನೆಯ ಮಿತಿ
ಸಾಮಾನ್ಯ ವೆಚ್ಚದ ಲೆಕ್ಕ ಪರಿಶೋಧನಾ ವರದಿಯು 151ನೇ ಅನುಚ್ಛೇದದಂತೆ ವಿಧಾನಮಂಡಲದ ಮುಂದೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು ಅದನ್ನು ಪರಿಶೀಲಿಸುತ್ತದೆ. ರಹಸ್ಯ ಸೇವಾ ವೆಚ್ಚದ ಪದ್ಧತಿ ಬೇರೆ. ಯಾರಿಗೆ, ಯಾವ ಕಾರಣಕ್ಕೆ ಹಣ ಸಂದಿತು ಎಂಬ ವಿವರ ಲೆಕ್ಕ ಪರಿಶೋಧಕರಿಗೆ ಹೋಗುವುದಿಲ್ಲ. ನಿಯೋಜಿತ ನಿಯಂತ್ರಣಾಧಿಕಾರಿಯು ನೀಡುವ ಪ್ರಮಾಣಪತ್ರವೇ ಆಧಾರವಾಗುತ್ತದೆ. ಆದುದರಿಂದ ಸದನವು ಮೊತ್ತಕ್ಕೆ ಒಪ್ಪಿಗೆ ನೀಡುತ್ತದೆಯೇ ಹೊರತು ಅದರ ವಿನಿಯೋಗವನ್ನು ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ 1994ರ ಕಾಯ್ದೆಯಿಂದ ಇದಕ್ಕಾಗಿಯೇ ಸಂಸದರ ಸಮಿತಿ ರಚನೆಯಾಯಿತು. ಭಾರತದಲ್ಲಿ ಇಂತಹುದೇ ಉದ್ದೇಶದಿಂದ 2011ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಖಾಸಗಿ ಸದಸ್ಯರ ವಿಧೇಯಕವು ಕಾನೂನಾಗಲಿಲ್ಲ.

3. ನಾಗರಿಕರಿಗೆ ದೊರೆಯುವ ಮಾಹಿತಿ
ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 24(4)ರಂತೆ ರಾಜ್ಯ ಸರ್ಕಾರವು ತನ್ನ ಗುಪ್ತವಾರ್ತೆ ಹಾಗೂ ಭದ್ರತಾ ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದು. ಆದರೆ ಭ್ರಷ್ಟಾಚಾರ ಅಥವಾ ಮಾನವ ಹಕ್ಕುಗಳ ಉಲ್ಲಂಘನೆಯ ಆಪಾದನೆಗೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಮಾನವ ಹಕ್ಕುಗಳ ವಿಷಯವಾದಲ್ಲಿ ರಾಜ್ಯ ಮಾಹಿತಿ ಆಯೋಗದ ಅನುಮೋದನೆ ಪಡೆದು 45 ದಿನಗಳೊಳಗೆ ಮಾಹಿತಿ ಒದಗಿಸತಕ್ಕದ್ದು. ಆದ್ದರಿಂದ ಅರ್ಜಿದಾರರು ಆಪಾದನೆಯ ಸ್ವರೂಪವನ್ನು ಅರ್ಜಿಯಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು ಅವಶ್ಯಕ.

4. ಅರ್ಜಿ ಸಲ್ಲಿಸುವ ವಿಧಾನ
• ಬಂಟ್ವಾಳ ಮತ್ತು ಬೆಳ್ತಂಗಡಿ ಪೊಲೀಸ್ ಠಾಣೆಗಳು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ಅಧೀಕ್ಷಕರ ಅಧೀನದಲ್ಲಿವೆ. ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಸೇರಿದೆ. ಅರ್ಜಿಯನ್ನು ಆಯಾ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸಬೇಕು.
• ಆಯವ್ಯಯದ ಮೊತ್ತಗಳ ಬಗ್ಗೆ ಆರ್ಥಿಕ ಇಲಾಖೆಗೆ ಅರ್ಜಿ ಸಲ್ಲಿಸಬಹುದು.
• ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು.
• ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.
• ಅರ್ಜಿ ಬೇರೆ ಪ್ರಾಧಿಕಾರಕ್ಕೆ ಸಂಬಂಧಿಸಿದ್ದಲ್ಲಿ, ಅದನ್ನು 5 ದಿನಗಳೊಳಗೆ ವರ್ಗಾಯಿಸತಕ್ಕದ್ದು.
• ಸಾಮಾನ್ಯ ಅರ್ಜಿಗೆ 30 ದಿನಗಳಲ್ಲಿ ಉತ್ತರ ನೀಡತಕ್ಕದ್ದು. ನಿರಾಕರಿಸಿದಲ್ಲಿ 30 ದಿನಗಳೊಳಗೆ ಪ್ರಥಮ ಮೇಲ್ಮನವಿಯನ್ನೂ, ಅದರ ಆದೇಶದಿಂದ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿಯನ್ನೂ ಸಲ್ಲಿಸಬಹುದು.