ಶನಿವಾರ, 5-8-11

ನಮ್ಮ ಕಡೆ ಭಾಷೆಗೂ ಲಿಪಿಗೂ ಗಟ್ಟಿ ಗಂಟು ಬಿದ್ದದ್ದು ತೀರ ಈಚೆಗೆ. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ, ಜಯಧವಲಾ ಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ತಾಳೆಗರಿಯ ಮೇಲಿನ ಅಕ್ಷರ ಮಾತ್ರ ಹಳಗನ್ನಡದ್ದು. ಅಲ್ಲಿಂದ ಬಂಟ್ವಾಳಕ್ಕೋ ಬೆಳ್ತಂಗಡಿಗೋ ಬಂದರೆ ಇದೇ ಸಂಗತಿ ಇನ್ನೊಂದು ವೇಷದಲ್ಲಿ ಕಾಣುತ್ತದೆ. ಬ್ಯಾರಿಗಳ ಮನೆಮಾತು ಬ್ಯಾರಿ, ಪೇಟೆಯ ಮಾತು ತುಳು, ಶಾಲೆಯದು ಕನ್ನಡ. ಮದ್ರಸದಲ್ಲಿ ಕಲಿತು ಬರೆದದ್ದು ಅರಬಿ-ಮಲಯಾಳಂ, ಅಂದರೆ ಅರಬಿ ಅಕ್ಷರಗಳಲ್ಲಿ ಮಲಯಾಳ. ಅರಬಿಯಲ್ಲಿ 'ಪ' ಇಲ್ಲ, 'ಚ' ಇಲ್ಲ, 'ಟ' ಇಲ್ಲ. ಇರುವ ಅಕ್ಷರಗಳಿಗೇ ಚುಕ್ಕೆ ಸೇರಿಸಿ ಅವನ್ನು ಮಾಡಿಕೊಂಡರು. 1607ರ ಮುಹ್ಯಿದ್ದೀನ್ ಮಾಲೆಯಿಂದ ಈಚೆಗೆ ಈ ಬರಹಕ್ಕೆ ಲೆಕ್ಕವಿಡಬಹುದಾದ ಚರಿತ್ರೆಯಿದೆ. ಮನೆಯ ಲೆಕ್ಕ, ಹುಟ್ಟು, ನಿಕಾಹ್ ಬರೆದಿಡಲಿಕ್ಕೂ ಕೆಲವರು ಇದೇ ಅಕ್ಷರ ಬಳಸಿದರು.

ಬಲದಿಂದ ಎಡಕ್ಕೆ ಹೋಗುವ ಅಕ್ಷರವೂ ಎಡದಿಂದ ಬಲಕ್ಕೆ ಹೋಗುವ ಅಕ್ಷರವೂ ಒಂದೇ ಸಾಲಿನಲ್ಲಿ ಎದುರಾದರೆ ಏನಾಗುತ್ತದೆ? ಕೈಬರಹಕ್ಕೆ ಇದೊಂದು ಸಮಸ್ಯೆಯೇ ಅಲ್ಲ. ಕಲ್ಲಚ್ಚಿಗೂ ಅಲ್ಲ. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿಯೇ. ತಲಶ್ಶೇರಿ, ಪೊನ್ನಾನಿಗಳ ಅರಬಿ-ಮಲಯಾಳಂ ಪುಸ್ತಕಗಳೂ ಹಾಗೆಯೇ ಬಂದವು. ಕಲ್ಲಿಗೆ ದಿಕ್ಕಿನ ಹಂಗಿಲ್ಲ, ಬರೆದವನ ಕೈ ಹೋದಂತೆ ಅದು. ಕಂಪ್ಯೂಟರಿಗೆ ಆ ಸಲಿಗೆ ಇಲ್ಲ.

ನನ್ನ ಕೈಗೆ ಬಂದದ್ದು ಬಂಟ್ವಾಳ ತಾಲೂಕಿನ ಒಂದು ಮನೆಯ ಹಳೆಯ ಪುಸ್ತಕದ ಪ್ರತಿ. ಮನೆಯ ಹುಡುಗನೊಬ್ಬ ಅದನ್ನು ಅರಬಿ ಅಕ್ಷರದಲ್ಲೇ ಕಂಪ್ಯೂಟರಿಗೆ ಹಾಕಿದ್ದ. ಅದರ ಪ್ರಿಂಟ್ ನೋಡಿಕೊಂಡು ನೆಂಟರೊಬ್ಬರು ಕನ್ನಡದಲ್ಲಿ ವಂಶವೃಕ್ಷ ಬರೆದಿದ್ದರು. ಆ ವೃಕ್ಷದಲ್ಲಿ ತಮ್ಮ 1905ರ ಆಗಸ್ಟ್ 11ರಂದು ಹುಟ್ಟಿದ, ಅಕ್ಕ 1909ರ ಜನವರಿ 8ರಂದು. ಮನೆಯ ಹಿರಿಯರು ಒಪ್ಪಲಿಲ್ಲ. ಅಕ್ಕ ತಮ್ಮನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ ಕತೆ ಕೇಳಿ ದೊಡ್ಡವರಾದವರು ಅವರು, ಅಂಥವರು ತಮ್ಮನಿಗೆ ಅಕ್ಕನಿಗಿಂತ ಮೂರೂವರೆ ವರ್ಷ ಹೆಚ್ಚು ಎಂದರೆ ಹೇಗೆ ನಂಬಿಯಾರು? ಮಾತು ಮುಂದುವರಿದು ಆಸ್ತಿಯ ಹಳೆಯ ಪಾಲಿನ ಕಡೆಗೂ ತಿರುಗಿತ್ತು.

ಮೂಲ ಪುಸ್ತಕದ ಫೋಟೋದಲ್ಲಿ ತಮ್ಮನ ತಾರೀಕು 5-8-11 ಎಂದು ಸ್ಪಷ್ಟವಾಗಿತ್ತು. ಪಕ್ಕದಲ್ಲಿ 'ಶನಿವಾರ' ಎಂಬುದಕ್ಕೆ ಮಲಯಾಳದ ಮಾತು, ಅರಬಿ ಅಕ್ಷರದಲ್ಲಿ. ಬರೆದವರು ಬಲದಿಂದ ಬಂದು, ಒಂದಿಷ್ಟು ಜಾಗ ಬಿಟ್ಟು ಆಚೆಗೆ ಹಾರಿ, ತಾರೀಕನ್ನು ಶಾಲೆಯಲ್ಲಿ ಕಲಿತಂತೆ ಎಡದಿಂದ ಬಲಕ್ಕೆ ಬರೆದು, ಮತ್ತೆ ಎಡಕ್ಕೆ ಸಾಗಿದ್ದಾರೆ. ಕಂಪ್ಯೂಟರಿನ ಪ್ರಿಂಟಿನಲ್ಲಿ ಅದೇ ತಾರೀಕು 11-8-5. ಹುಡುಗ ಒತ್ತಿದ ಕೀಲಿಗಳು ಸರಿಯಾಗಿಯೇ ಇದ್ದವು, ಏಕೆಂದರೆ ಕಡತದ ಒಳಗೆ ಅಂಕಿಗಳು 5, 8, 11 ಎಂಬ ಕ್ರಮದಲ್ಲೇ ಕೂತಿದ್ದವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೆರಾಕ್ಸ್ ಕಂಪನಿಯ ಜೋಸೆಫ್ ಬೆಕರ್ 1984ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಹಲವು ಲಿಪಿಗಳ ಬರಹವನ್ನು ಕಂಪ್ಯೂಟರಿನಲ್ಲಿ ನಡೆಸುವ ಬಗ್ಗೆ ಲೇಖನ ಬರೆದರು. ಮುಂದೆ ಯುನಿಕೋಡಿಗೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ಯುನಿಕೋಡ್ ಹಿಡಿದ ದಾರಿ ಇದು: ನೆನಪಿನಲ್ಲಿ ಅಕ್ಷರಗಳು ಓದುವ ಕ್ರಮದಲ್ಲೇ ಇರಲಿ, ತೆರೆಯ ಮೇಲೆ ಯಾವುದು ಎಲ್ಲಿ ಕೂರಬೇಕೆಂದು ನಿಯಮಗಳು ಹೇಳಲಿ. ಒಂದೊಂದು ಅಕ್ಷರಕ್ಕೂ ದಿಕ್ಕಿನ ಒಂದು ಜಾತಿಯಿದೆ. ಸಾಲು ಸಿದ್ಧವಾಗುವಾಗ ಪ್ರತಿ ಅಕ್ಷರಕ್ಕೂ ಒಂದು ಮಟ್ಟದ ಸಂಖ್ಯೆ ಸಿಗುತ್ತದೆ. ಸಮಸಂಖ್ಯೆಯಾದರೆ ಎಡದಿಂದ ಬಲಕ್ಕೆ, ಬೆಸವಾದರೆ ಬಲದಿಂದ ಎಡಕ್ಕೆ.

ಈ ನಿಯಮಗಳನ್ನು ಓದಿ ಅರಗಿಸಿಕೊಳ್ಳುವುದು ವ್ಯಾಕರಣ ಸೂತ್ರಗಳನ್ನು ಟೀಕೆಯಿಲ್ಲದೆ ಓದಿದ ಹಾಗೆ. ನಾನು ಡೀಬಗ್ಗರ್ ಹಿಡಿದೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ ಅದರ ಹೊಟ್ಟೆಯೊಳಗೆ ಇಣುಕುವ ಸಾಧನ ಅದು. ನಾನು ಬಳಸಿದ ಜಿಡಿಬಿಯನ್ನು 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದದ್ದು. ದಿಕ್ಕಿನ ಲೆಕ್ಕ ಮಾಡುವ ಫ್ರಿಬಿಡಿ ಎಂಬ ಮುಕ್ತ ತಂತ್ರಾಂಶಕ್ಕೆ ಆ ಒಂದು ಸಾಲನ್ನು ಕೊಟ್ಟು, ಮಟ್ಟಗಳ ಪಟ್ಟಿ ತಯಾರಾಗುವ ಜಾಗದಲ್ಲಿ ತಡೆಹಾಕಿದೆ. ಹೊರಬಂದ ಪಟ್ಟಿ: ವಾರದ ಹೆಸರಿನ ಅಕ್ಷರಗಳಿಗೆಲ್ಲ 1, 5ಕ್ಕೆ 2, ಅಡ್ಡಗೆರೆಗೆ 1, 8ಕ್ಕೆ 2, ಅಡ್ಡಗೆರೆಗೆ 1, 11ರ ಎರಡೂ ಅಂಕಿಗಳಿಗೆ 2. ಅಂದರೆ 11 ಎಂಬುದು ಒಳಗೊಳಗೇ ಸರಿ. ಆದರೆ ಅಡ್ಡಗೆರೆಗಳು ಅರಬಿಯ ಕಡೆ ಸೇರಿಕೊಂಡಿವೆ, ಹಾಗಾಗಿ ಮೂರು ಸಂಖ್ಯೆಗಳು ಬಲದಿಂದ ಎಡಕ್ಕೆ ಸಾಲುಗಟ್ಟಿವೆ.

ಯಾಕೆ ಎಂದು ತಿಳಿಯಲು ಒಂದೊಂದೇ ಹೆಜ್ಜೆ ಮುಂದೆ ಸರಿಸಿದೆ. 5 ಎಂಬುದು ಮೊದಲಿಗೆ 'ಯುರೋಪಿನ ಅಂಕಿ' ಜಾತಿಯಲ್ಲಿತ್ತು. ನಿಯಮ ಹಿಂದಕ್ಕೆ ತಿರುಗಿ, ಹತ್ತಿರದ ಗಟ್ಟಿ ಅಕ್ಷರ ಯಾವುದೆಂದು ನೋಡಿತು. ಅಲ್ಲಿದ್ದದ್ದು ಅರಬಿ. ಕೂಡಲೇ 5ರ ಜಾತಿ 'ಅರಬಿ ಅಂಕಿ' ಎಂದು ಬದಲಾಯಿತು. ಯುರೋಪಿನ ಅಂಕಿಗಳ ನಡುವಿನ ಅಡ್ಡಗೆರೆ ಅಂಕಿಗಳೊಂದಿಗೆ ಅಂಟಿಕೊಳ್ಳುತ್ತದೆ, ಅರಬಿ ಅಂಕಿಗಳ ನಡುವಿನದ್ದು ಅಂಟುವುದಿಲ್ಲ. ಅರಬಿಯಲ್ಲಿ 'ಇಲ್ಲಿಂದ ಇಲ್ಲಿಯವರೆಗೆ' ಎಂದು ಬರೆಯುವಾಗ ಮೊದಲ ಸಂಖ್ಯೆ ಬಲಕ್ಕೆ ಬರುವುದು ರೂಢಿ, ಈ ನಿಯಮ ಅದಕ್ಕೆ ಹೊಂದುತ್ತದೆ. ಹೀಬ್ರೂವಿಗೆ ಈ ನಿಯಮ ತಟ್ಟುವುದಿಲ್ಲ. ಅಲ್ಲಿ ಇದೇ ತಾರೀಕು ಕದಲದೆ ನಿಲ್ಲುತ್ತದೆ. ಹಾಗಾಗಿ ಪ್ರೋಗ್ರಾಮಿನದು ತಪ್ಪೆನ್ನಲು ಬರುವುದಿಲ್ಲ. ಅದು ಅರಬ್ ದೇಶದ ರೂಢಿ ಪಾಲಿಸಿತು, ಪುಸ್ತಕ ಬರೆದವರದು ಬಂಟ್ವಾಳದ ರೂಢಿ.

ಆಮೇಲೆ ಕುತೂಹಲಕ್ಕೆ ಅಡ್ಡಗೆರೆ ತೆಗೆದು ಓರೆಗೆರೆ ಹಾಕಿದೆ: 5/8/11. ಎಲ್ಲಕ್ಕೂ 2 ಬಂತು, ತಾರೀಕು ನೆಟ್ಟಗಾಯಿತು. ಓರೆಗೆರೆ ಬೇರೆ ಜಾತಿಯದು, ಅರಬಿ ಅಂಕಿಗಳಿಗೂ ಅಂಟುತ್ತದೆ. ನನಗೆ ಹೆಚ್ಚು ಖುಷಿ ಕೊಟ್ಟದ್ದು ಮುಂದಿನ ಪ್ರಯೋಗ. ಅಡ್ಡಗೆರೆಯನ್ನು ಉಳಿಸಿ, ಅಂಕಿಗಳನ್ನು ಕನ್ನಡದಲ್ಲಿ ಕೊಟ್ಟೆ: ೫-೮-೧೧. ಆಗಲೂ ಎಲ್ಲಕ್ಕೂ 2. ಯುನಿಕೋಡಿನ ಪಟ್ಟಿಯಲ್ಲಿ ಕನ್ನಡ ಅಂಕಿಗಳು ಅಂಕಿಗಳ ಜಾತಿಗೆ ಸೇರಿಲ್ಲ. ದಿಕ್ಕಿನ ಮಟ್ಟಿಗೆ ಅವು 'ಕ', 'ಖ'ಗಳಂತೆ ಗಟ್ಟಿ ಅಕ್ಷರಗಳೇ. ಅರಬಿಯ ನೆರೆಯಲ್ಲಿ ಕೂತರೂ ಜಾತಿ ಬಿಡುವುದಿಲ್ಲ. ನಾವು ಬಳಕೆಯಿಂದ ಬಹುಮಟ್ಟಿಗೆ ಕೈಬಿಟ್ಟ ಅಂಕಿಗಳಿಗೆ ಇಂಥದ್ದೊಂದು ಹಟ ಇದೆಯೆಂದು ಯಾರು ಬಲ್ಲರು!

ಅಡ್ಡಗೆರೆಯೂ ಅಂಕಿಯೂ ಮೂಲದಂತೆಯೇ ಇರಬೇಕಾದರೆ, ತಾರೀಕಿನ ಮುಂದೆ ಕಣ್ಣಿಗೆ ಕಾಣದ ಒಂದು ದಿಕ್ಕಿನ ಗುರುತು ಇಟ್ಟರೆ ಸಾಕು. ಇಂಥ ಕಾಣದ ಗುರುತುಗಳಿಂದ ಕೇಡನ್ನೂ ಮಾಡಬಹುದು. ಓದುವವರಿಗೆ ಒಂದು ತೋರಿಸಿ ಯಂತ್ರಕ್ಕೆ ಇನ್ನೊಂದು ಉಣಿಸುವ ಪ್ರೋಗ್ರಾಮು ಬರೆಯಬಹುದೆಂದು 2021ರಲ್ಲಿ ಕೇಂಬ್ರಿಡ್ಜಿನ ನಿಕೋಲಸ್ ಬೌಚರ್, ರಾಸ್ ಆಂಡರ್ಸನ್ ತೋರಿಸಿಕೊಟ್ಟರು. ನಮ್ಮ ಹುಡುಗನ ಕಡತಕ್ಕೆ ನಾವು ಅದೇ ಗುರುತನ್ನು ಒಳ್ಳೆಯದಕ್ಕೆ ಹಾಕಿದೆವು.

ಪಂಚಾಂಗವೂ ಸಾಕ್ಷಿ ಹೇಳಿತು. 1911ರ ಆಗಸ್ಟ್ 5 ಶನಿವಾರ. 1905ರ ಆಗಸ್ಟ್ 11 ಶುಕ್ರವಾರ. ಅಕ್ಕನದು ಮೂಲದಲ್ಲಿ 9-1-8, ಗುರುವಾರ. 1908ರ ಜನವರಿ 9 ಗುರುವಾರವೇ. ಅಕ್ಕ ಮತ್ತೆ ಅಕ್ಕನಾದಳು.

ಇನ್ನು ಉಳಿದದ್ದು ಪುಸ್ತಕದ ಕೊನೆಯ ಕೆಲವು ಪುಟಗಳು. ಅವುಗಳ ಕಡತವೂ ಇಲ್ಲ, ಫೋಟೋವೂ ಇಲ್ಲ, ಪ್ರಿಂಟ್ ಮಾತ್ರ ಇದೆ. ವಾರದ ಹೆಸರಿರುವ ತಾರೀಕುಗಳನ್ನು ತಿರುಗಿಸಿ ನೋಡಿ ಸರಿಪಡಿಸಿದ್ದೇವೆ. ವಾರವಿಲ್ಲದವು ಹನ್ನೊಂದಿವೆ. ಮೂಲ ಪುಸ್ತಕ ಬೆಳ್ತಂಗಡಿಯ ನೆಂಟರಲ್ಲಿದೆ. ಮಳೆ ಬಿಟ್ಟ ಮೇಲೆ ಹೋಗಿ ನೋಡುವುದೆಂದು ಮಾತಾಗಿದೆ.